ಎರಡು ಸಣ್ಣ ಹುಡುಗ್ರನ್ನ ಕಟಗೊಂಡು ಹುಬ್ಬಳ್ಳಿಯಿಂದ ಮೈಸೂರಿಗೆ ಕಾರಿನ್ಯಾಗ: ರಾತ್ರಿ ಹೊಂಡೂದೋ, ಮುಂಜಾನೆ ಹೊಂಡೂದೋ?

ಕೇಶ್ವಾಪುರದಾಕಿ:

ಎಲ್ಲಾರಿಗೂ ನಮಸ್ಕಾರ್ರೀ. ದಸರಾ ಸೂಟಿಗೆ ಮೈಸೂರಿಗೆ ಕಾರ್ ತಗೊಂಡು ಹೋಗೂದಂತ ಮನ್ಯಾಗ ಠರಾವ ಆಗೇತಿ. ಹೊಂಡಾವ್ರು ಐದು ಮಂದಿ, ನಾನು, ನಮ್ಮ ಯಜಮಾನ್ರು, ನಮ್ಮ ಅತ್ತಿ, 7 ವರ್ಷದ ಮಗಳು, 3 ವರ್ಷದ ಮಗ. ಅತ್ತಿಯವರಿಗೆ ಮೊಣಕಾಲು ಬ್ಯಾನಿ, ಭಾಳೊತ್ತು ಕಾಲ ಮಡಚಿ ಕುಂದ್ರಾಕ ಆಗೂದಿಲ್ಲ. ಇಲ್ಲೀ ತನಾ ನಾವು ಕಾರಿನ್ಯಾಗ ಹೋದ ದೂರದ ಊರಂದ್ರ ಬದಾಮಿ, ಮುಂಜಾನೆ ಹೋಗಿ ಸಂಜಿಕೆ ಮನಿ ಮುಟ್ಟಿದ್ವಿ, ಅಷ್ಟ. ಈಗ ಬೆಂಗಳೂರ ಮ್ಯಾಲೆ ಹಾದು ಹೋದ್ರ 550 ಕಿಲೋಮೀಟರ್ ಆಗತೈತಿ, ಅದೂ ಒಂದ ದಿನದಾಗ.

ಯಜಮಾನ್ರ ಲೆಕ್ಕ ಹಿಂಗೈತಿ, ರಾತ್ರಿ ಊಟ ಮುಗಿಸಿ 10ಕ್ಕ ಹೊಂಡೂದು, ಹಿಂದಿನ ಸೀಟಿನ ಮ್ಯಾಲೆ ಕೌದಿ ಹಾಸಿ ಹುಡುಗ್ರನ್ನ ಮಲಗಸೂದು, ಬಿಸಲಿಲ್ಲ, ಟ್ರಾಫಿಕ್ ಇಲ್ಲ, "ಯಾವಾಗ ಮುಟ್ಟತೀವಿ" ಅಂತ ಹುಡುಗ್ರ ಕಾಟ ಇಲ್ಲ, ಕಣ್ಣ ತೆರೆಯೂದ್ರಾಗ ಮೈಸೂರು. ಕೇಳಾಕ ಛಲೋನ ಐತಿ. ಆದ್ರ ಅವತ್ತ ಸಂಜಿ 7ರ ತನಾ ಅವರು ಆಫೀಸಿನ್ಯಾಗ ಇರತಾರ, ಗಾಡಿ ಹೊಡಿಯಾವ್ರು ಅವರೊಬ್ರ, ನನಗ ಊರಾಗ ಓಡಸೂದಷ್ಟ ಬರತೈತಿ, ಹೈವೇ ರೂಢಿ ಇಲ್ಲ. ಯಾಕೋ ನನ್ನ ಜೀವ ಒಪ್ಪವಲ್ದು.

ಇನ್ನೊಂದು, ಮಗಳಿಗೆ ಗಾಡ್ಯಾಗ ಹೊಟ್ಟಿ ತೊಳಸತೈತಿ. ಹೋದ ವರ್ಷ ಯಲ್ಲಾಪುರಕ್ಕ ಮದವಿಗೆ ಹೋಗಬೇಕಾದ್ರ ಮುಟ್ಟೂದ್ರಾಗ ಎರಡ ಸಲ ಕಾರಿಕೊಂಡ್ಲು, ಹೊಸಾ ಲಂಗಾ ಪೂರ್ತಿ ಹಾಳಾತು, ಮದವಿ ಮನ್ಯಾಗ ಎಲ್ಲಾರ ಮುಂದ ಆಕಿ ಅಳೂದ ನೋಡಿ ನನಗ ಭಾಳ ಕೆಟ್ಟನಿಸ್ತು. ಈಗ ಕಾರ್ ಅಂದ್ರ ಸಾಕು ಮಾರಿ ಸಣ್ಣದ ಮಾಡತಾಳ. ಮಗನ ಕತಿ ಬ್ಯಾರೆ, ಬೆಲ್ಟ್ ಹಾಕಿದ್ರ ಕಿರಚತಾನ, ಅಜ್ಜಿ ತೊಡಿನ ಬೇಕು. ಹುಡುಗ್ರಿಗೆ ಇದು ಮೊದಲನೇ ದೊಡ್ಡ ಪ್ರವಾಸ, ಅವು ಖುಷಿಯಿಂದ ನೆನಸಬೇಕು ಅಂತ ನನ್ನ ಆಸೆ. ಮಾಡಿದಾವ್ರು ಇದ್ರ ದಯಮಾಡಿ ಹೇಳ್ರಿ.

ರಾಣೆಬೆನ್ನೂರ ಗಾಡಿಯವ:

ವೈನಿಯವರ, ನಾ 19 ವರ್ಷದಿಂದ ಟೂರಿಸ್ಟ್ ಗಾಡಿ ಹೊಡೀತೀನಿ. ನಿಮ್ಮ ಜೀವ ಒಪ್ಪವಲ್ದು ಅಂದ್ರಲ್ಲ, ಅದರ ಮಾತ ಕೇಳ್ರಿ. ಇದನ್ನ ಅಣ್ಣಾರಿಗೆ ಓದಿ ತೋರಸ್ರಿ, ಅವರು ಸಿಟ್ಟ ಮಾಡಿಕೊಂಡ್ರೂ ಅಡ್ಡಿಯಿಲ್ಲ.

ದಿನಾ ಪೂರ್ತಿ ದುಡದ ಮನಷಾಗ ರಾತ್ರಿ 2ರಿಂದ 5ರ ನಡುವ ನಿದ್ದಿ ಬಂದ ಬರತೈತಿ. ಚಾ ಕುಡಿದ್ರೂ ಬರತೈತಿ, ಹಾಡ ಹಚ್ಚಿದ್ರೂ ಬರತೈತಿ, ಮಾರಿಗೆ ನೀರ ಹೊಡಕೊಂಡ್ರ ಹತ್ತ ನಿಮಿಷ ತಡದೀತು. ಕಣ್ಣ ತೆರದಂಗ ಇರತಾವ, ಖಬರ ಇರೂದಿಲ್ಲ. 100ರ ಸ್ಪೀಡಿನ್ಯಾಗ ಗಾಡಿ ಒಂದ ಸೆಕೆಂಡಿಗೆ 28 ಮೀಟರ್ ಹೋಗತೈತಿ, ಕ್ರಿಕೆಟ್ ಪಿಚ್ 20 ಮೀಟರ್ ಇರತೈತಿ ನೋಡ್ರಿ, ಅಂದ್ರ ನಾಕ ಸೆಕೆಂಡ್ ಜೋಂಪ ಹತ್ತಿದ್ರ ಐದು ಪಿಚ್‌ಗಿಂತ ಜಾಸ್ತಿ ದೂರ ಗಾಡಿ ತಂತಾನ ಹೋಗಿರತೈತಿ, ಹಿಂದ ನಿಮ್ಮ ಹುಡುಗ್ರು ಮಲಗಿರತಾವ.

ನಾ ಒಮ್ಮೆ ಇದನ್ನ ಅನುಭವಿಸೇನಿ, ಇವತ್ತಿಗೂ ಮರತಿಲ್ಲ. ತಿರುಪತಿಯಿಂದ ಒಂದು ಫ್ಯಾಮಿಲಿ ಕರಕೊಂಡ ವಾಪಸ್ ಬರಾಕತ್ತಿದ್ದೆ, ಶಿರಾ ದಾಟಿತ್ತು, 4ರ ಸುಮಾರು, ಹಿಂದ ಎರಡ ಹುಡುಗ್ರು ಸೀಟ ಮ್ಯಾಲೆ ಮಲಗಿದ್ವು. ರಸ್ತೆ ಅಂಚಿಗೆ ಲೈಟ್ ಇಲ್ದ ಒಂದ ಲಾರಿ ನಿಂತಿತ್ತು. ನನಗ ಅದು ಕಂಡಿದ್ದು ಯಾವಾಗಂದ್ರ, ಅದರ ತಾಡಪಾಲಿಗೆ ಕಟ್ಟಿದ ಹಗ್ಗದ ಗಂಟು ಎಣಸುವಷ್ಟ ಹತ್ರ ಬಂದಾಗ. ಸ್ಟೀರಿಂಗ್ ಬಲಕ್ಕ ಎಳದೆ, ಬಲಗಡೆ ಯಾವ ಗಾಡಿನೂ ಇರಲಿಲ್ಲ, ದೇವರ ದೊಡ್ಡಾಂವ. ಮುಂದ ಹೋಗಿ ಬಾಜೂಕ ನಿಲ್ಲಿಸಿ ಇಳದ್ರ ನಿಲ್ಲಾಕ ಕಾಲಾಗ ಶಕ್ತಿ ಇಲ್ಲ. ಹುಡುಗ್ರು ಸೀಟಿಂದ ಕೆಳಗ ಉರುಳಿ ಬಿದ್ದಿದ್ವು, ಒಂದರ ತುಟಿ ಒಡದಿತ್ತು. ಆ ತಾಯಿ ನನಗೊಂದ ಮಾತ ಅನ್ನಲಿಲ್ಲ, ಕೂಸಿನ ತುಟಿಗೆ ಸೆರಗ ಒತ್ತಿ ಹಿಡಕೊಂಡ ಸುಮ್ನ ಕುಂತ್ರು. ಅವತ್ತಿಂದ ಹುಡುಗ್ರು ಇದ್ದ ಬಾಡಿಗಿ ಬಂದ್ರ ರಾತ್ರಿ 10ರ ಮ್ಯಾಲೆ ಗಾಡಿ ಹೊಡಿಯೂದಿಲ್ಲ ಅಂತ ಮೊದಲ ಹೇಳಿ ಬಿಡತೀನಿ, ಬಾಡಿಗಿ ಹೋದ್ರ ಹೋಗಲಿ.

ಅದಕ್ಕ ಹಿಂಗ ಮಾಡ್ರಿ. ಆಫೀಸ್ ಮುಗಿಸಿ ಬಂದ ರಾತ್ರಿ ಅಣ್ಣಾರು ಲಗೂನ ಮಲಗಲಿ, 9ಕ್ಕ ಮಲಗಿದ್ರ ಮುಂಜಾನೆ ಐದಕ್ಕ ಏಳಬಹುದು, ಐದೂವರಿಗೆ ಗಾಡಿ ಹೊಂಡಲಿ. ಹುಡುಗ್ರನ್ನ ನಿದ್ದಿಗಣ್ಣಾಗ ಎತ್ತಿ ಸೀಟಿಗೆ ಹಾಕ್ರಿ, ಹಾವೇರಿ ತನಾ ಅವು ಏಳೂದಿಲ್ಲ. ಒಂದ ದಿನಕ್ಕ ಮೈಸೂರು ಮುಟ್ಟೂ ಹಟ ಬ್ಯಾಡ, ಚಿತ್ರದುರ್ಗದಾಗ ಉಳೀರಿ, ಹುಬ್ಬಳ್ಳಿಯಿಂದ 210 ಕಿಲೋಮೀಟರ್ ಸುಮಾರು. ಮರದಿನ ಬೆಂಗಳೂರ ಕಡೆ ಹೋಗೂದ ಬ್ಯಾಡ, ಹಿರಿಯೂರಿನ್ಯಾಗ ಬಲಕ್ಕ ಹೊಳ್ಳಿ ಹುಳಿಯಾರ, ಚಿಕ್ಕನಾಯಕನಹಳ್ಳಿ, ತುರುವೇಕೆರೆ, ನಾಗಮಂಗಲದ ಮ್ಯಾಲೆ ಶ್ರೀರಂಗಪಟ್ಟಣಕ್ಕ ಹೋಗ್ರಿ, ಅದೂ ನ್ಯಾಷನಲ್ ಹೈವೇನ, 150ಎ. ನೂರ ಕಿಲೋಮೀಟರ್ ಹತ್ರ ಉಳೀತಾವ, ಬೆಂಗಳೂರ ಟ್ರಾಫಿಕ್ಕೂ ತಪ್ಪತೈತಿ. ಊರುಗಳ ಒಳಗ ಹಂಪ್ ಭಾಳ ಅದಾವ, ಅಲ್ಲಿ ಹಗರ್ಕ ಹೋಗ್ರಿ.

ಹೊಂಡೂ ಹಿಂದಿನ ದಿನ ಟೈರ್ ಗಾಳಿ ನೋಡಿಸ್ರಿ, ಸ್ಟೆಪ್ನಿದೂ ನೋಡಿಸ್ರಿ, ಮಂದಿ ಅದನ್ನ ಮರೀತಾರ. ಹೈವೇದಾಗ ಗಾಡಿ ಕೆಟ್ರ 1033, ಅಂಬುಲೆನ್ಸಿಗೆ 108, ನಿಮ್ಮ ಮೊಬೈಲಿನ್ಯಾಗೂ ಅವ್ರ ಮೊಬೈಲಿನ್ಯಾಗೂ ಸೇವ್ ಮಾಡಿ ಇಡ್ರಿ. ಗಾಡಿ ಕೆಟ್ಟು ನಿಂತ್ರ ಎಲ್ಲಾರನೂ ಇಳಿಸಿ ರಸ್ತೆ ಅಂಚಿನ ಕಟ್ಟಿಯ ಆಚೆ ನಿಲ್ಲಸ್ರಿ, ಹುಡುಗ್ರನ್ನ ಒಳಗ ಕುಂದ್ರಿಸಬ್ಯಾಡ್ರಿ.

ಸಪ್ತಾಪುರದ ಅಮ್ಮ:

ಅಕ್ಕಾ, ನಿಮ್ಮ ಮಗಳ ವಿಷಯ ಓದಿ ನನ್ನ ಮಗಳದ ಕತಿ ಅನಿಸ್ತು. ನಾವು ಧಾರವಾಡದಿಂದ ಗೋಕರ್ಣಕ್ಕ ಹೊಂಟಿದ್ವಿ, ಹೊಂಡೋಕಿಂತ ಮೊದಲ ಹೊಟ್ಟಿ ತುಂಬ ಪೂರಿ ತಿನಿಸಿದ್ದೆ, ಹಸಿದ ಹೊಟ್ಟಿಗೇ ವಾಂತಿ ಆಗ್ತದ ಅಂತ ನನ್ನ ತಿಳವಳಿಕೆ, ಮ್ಯಾಲೆ ಗಪ್ಪ ಕೂಡ್ಲಿ ಅಂತ ಕೈಯಾಗ ಮೊಬೈಲ್ ಕೊಟ್ಟಿದ್ದೆ. ಅರಬೈಲ್ ಘಟ್ಟದ ಮೂರನೇ ತಿರುವಿಗೆ ಎಲ್ಲಾ ಹೊರಗ ಬಂತು. ಎರಡೂ ತಪ್ಪು ನನ್ನವೇ.

ನಮ್ಮ ಮಕ್ಕಳ ಡಾಕ್ಟರು ಆಮ್ಯಾಲೆ ಕುಂದ್ರಿಸಿ ತಿಳಿಸಿ ಹೇಳಿದ್ರು. ಕಿವಿ ಒಳಗ ತೋಲ ಹಿಡಿಯೂ ಒಂದು ಅಂಗ ಇರ್ತದ, ಅದಕ್ಕ ಗಾಡಿ ಹೊಳ್ಳೂದು, ಜಿಗಿಯೂದು ಎಲ್ಲಾ ಗೊತ್ತಾಗ್ತದ. ಕಣ್ಣು ಮೊಬೈಲಿನ್ಯಾಗ ಇದ್ರ ಕಣ್ಣು "ನಾ ಕುಂತಲ್ಲೇ ಇದ್ದೀನಿ" ಅಂತದ, ಕಿವಿ "ಇಲ್ಲ, ನಾ ಹೊಂಟೀನಿ" ಅಂತದ, ಆ ಎರಡರ ಜಗಳದಾಗ ಹೊಟ್ಟಿ ತೊಳಸ್ತದ. ಎರಡು ವರ್ಷದಿಂದ ಹನ್ನೆರಡು ವರ್ಷದ ತನಕ ಈ ತ್ರಾಸ ಜಾಸ್ತಿ, ದೊಡ್ಡವರಾದಂಗ ಭಾಳ ಮಂದಿಗೆ ಕಡಿಮಿ ಆಗ್ತದ. ಅಂದ್ರ ಆಕಿ ನಾಟಕ ಮಾಡವಲ್ಲಳು, ಹಟಾನೂ ಅಲ್ಲ. ಈ ಮಾತು ನಿಮ್ಮ ಮಗಳಿಗೂ ಹೇಳ್ರಿ, ನನ್ನ ಮಗಳಿಗೆ ಇದನ್ನ ಹೇಳಿದ ದಿನ ಆಕಿ ಮಾರಿ ಮ್ಯಾಲಿನ ಅಂಜಿಕಿ ಅರ್ಧಾ ಇಳೀತು.

ಈಗ ನಾವು ಹೆಂಗ ಮಾಡ್ತೀವಿ ಅಂದ್ರ, ಹೊಂಡೋಕಿಂತ ಒಂದು ತಾಸು ಮೊದಲ ಒಣಾ ಅವಲಕ್ಕಿ ಇಲ್ಲಾ ಅರ್ಧ ದಶಮಿ ರೊಟ್ಟಿ, ಎಣ್ಣಿದು ಬ್ಯಾಡ, ಹಾಲೂ ಬ್ಯಾಡ. ದಾರ್ಯಾಗ ಸ್ವಲ್ಪ ಸ್ವಲ್ಪ ನೀರು, ಚುರುಮುರಿ, ಕಡಕ ರೊಟ್ಟಿ ತುಣುಕು. ಮೊಬೈಲಿಲ್ಲ, ಪುಸ್ತಕಾನೂ ಇಲ್ಲ, ಮುಂದಿನ ಗ್ಲಾಸಿನಿಂದ ದೂರದ ಗುಡ್ಡ ನೋಡ್ಕೋತ ಕೂಡ್ತಾಳ. ಕಿಡಕಿ ಎರಡು ಬೆರಳು ತೆರದಿರ್ತೀವಿ. ಗಾಡ್ಯಾಗ ಸೆಂಟಿನ ಡಬ್ಬಿ ಇದ್ರ ಅವತ್ತೇ ತಗದು ಒಗೀರಿ, ಆ ವಾಸನಿಗೇ ಅರ್ಧಾ ವಾಂತಿ. ಗುಳಿಗಿ ಬೇಕಾದ್ರ ಡಾಕ್ಟರನ್ನ ಕೇಳಿ ತೂಕದ ಲೆಕ್ಕದಾಗ ಕೊಡ್ರಿ, ಅಂಗಡ್ಯಾಗ ಕೇಳಿ ತಗೋಬ್ಯಾಡ್ರಿ, ಪ್ರೊಮೆಥಾಜಿನ್ ಅನ್ನೂ ಔಷಧಾ ಎರಡು ವರ್ಷದೊಳಗಿನ ಕೂಸಿಗೆ ಕೊಡಲೇಬಾರದು ಅಂತ ನಮ್ಮ ಡಾಕ್ಟರು ಖಡಕ್ಕಾಗಿ ಹೇಳ್ಯಾರ.

ಮತ್ತ ಒಂದು ಪಿಶವಿ, ಅದು ಡಿಕ್ಕಿಯೊಳಗಲ್ಲ, ನಿಮ್ಮ ಕಾಲ ಹತ್ರನೇ ಇರಬೇಕು: ಒಂದು ಜೋಡಿ ಅರಬಿ, ಹಸಿ ಟಾವೆಲ್ ಡಬ್ಬ್ಯಾಗ ಹಾಕಿ, ಹಳೇ ಪೇಪರು, ಪ್ಲಾಸ್ಟಿಕ್ ಚೀಲ ಎರಡೆರಡು ಒಂದರೊಳಗ ಒಂದು ಹಾಕಿದ್ದು, ಒಂದು ನಿಂಬಿಹಣ್ಣು. ವಾಂತಿ ಆದ್ರೂ ಐದು ನಿಮಿಷದಾಗ ಮಾರಿ ತೊಳದು ಅರಬಿ ಬದಲಿಸಿ ಮುಂದ ಹೊಂಡಬಹುದು, ಆಕಿಗೆ "ಏನೂ ಆಗಿಲ್ಲವ್ವಾ" ಅನ್ನೋದು ಭಾಳ ಮುಖ್ಯ.

ಹಾವೇರಿ ಅಪ್ಪ:

ನಾ ಬರೇ ಮಗನ ಸೀಟಿನ ಬಗ್ಗೆ ಹೇಳತೀನಿ ಯಾಕಂದ್ರ ಇದರಾಗ ನಮ್ಮ ಮನ್ಯಾಗ ದೊಡ್ಡ ಗದ್ದಲ ಆಗಿತ್ತು. ನಮ್ಮವ್ವ "ನಿನ್ನ ನಾ ತೊಡಿ ಮ್ಯಾಲೆ ಕುಂದ್ರಿಸಿಕೊಂಡ ಊರೂರು ತಿರುಗಿಸೇನಿ, ನನ್ನ ಕೈಗಿಂತ ಗಟ್ಟಿ ನಿನ್ನ ಪ್ಲಾಸ್ಟಿಕ್ ಕುರ್ಚೇನು" ಅಂತ ಕೇಳಿದ್ಲು. ಆಕಿ ಪ್ರೀತಿಯಿಂದ ಅಂದಿದ್ದು, ಆದ್ರ 50ರ ಸ್ಪೀಡಿನ್ಯಾಗ ಗಾಡಿ ಹಾಯ್ದು ನಿಂತ್ರ 13-14 ಕೆಜಿ ಕೂಸು ಆ ಕ್ಷಣಕ್ಕ ಎಷ್ಟೋ ಪಟ್ಟು ಭಾರ ಆಗಿ ಮುಂದ ಜಿಗೀತೈತಿ, ಪೈಲ್ವಾನನ ಕೈಯಾಗೂ ನಿಲ್ಲೂದಿಲ್ಲ. ಅವ್ವಗ ಬಾಯಿಲೆ ಹೇಳಿ ಉಪಯೋಗ ಆಗಲಿಲ್ಲ, ಗಾಡಿ ಮೆಲ್ಲಕ ಓಡಿಸಿ ಸುಮ್ನ ಒಮ್ಮೆ ಬ್ರೇಕ್ ಒತ್ತಿದೆ, ಆಕಿ ಕೈಯಾಗ ಹಿಡಕೊಂಡಿದ್ದ ಬುತ್ತಿ ಡಬ್ಬಿ ಮುಂದಿನ ಸೀಟಿಗೆ ಬಡದು ಬಿತ್ತು. ಡಬ್ಬಿ ನೋಡಿದ್ಲು, ಕೂಸನ್ನ ನೋಡಿದ್ಲು, ತಾನ ಬೆಲ್ಟ್ ಹಚ್ಚಿದ್ಲು.

ಕಾಯ್ದೆನೂ ಐತಿ, 2019ರ ತಿದ್ದುಪಡಿ ಆದ ಮ್ಯಾಲೆ 14 ವರ್ಷದೊಳಗಿನ ಹುಡುಗ್ರಿಗೆ ಬೆಲ್ಟ್ ಇಲ್ಲಾ ಮಕ್ಕಳ ಸೀಟು ಇರಲಿಲ್ಲಂದ್ರ 1000 ರೂಪಾಯಿ ದಂಡ. ದಂಡದ ಮಾತು ಬಿಡ್ರಿ, ಹುಡುಗಂದು ಜೀವದ ಮಾತು.

ಮಗ ಕಿರಚತಾನ ಅಂದ್ರಲ್ಲ, ನಮ್ಮಾಂವನೂ ಹಂಗ ಇದ್ದ. ಸೀಟು ತಂದ ದಿನ ಗಾಡ್ಯಾಗ ಹಾಕಲಿಲ್ಲ, ಪಡಸಾಲ್ಯಾಗ ಇಟ್ಟೆ. ಹತ್ತ ದಿನ ಅಲ್ಲೇ ಇತ್ತು. ಅದರಾಗ ಕುಂತ ಉಂಡ, ಅದರಾಗ ಕುಂತ ಟೀವಿ ನೋಡಿದ, ತನ್ನ ಆನಿ ಗೊಂಬಿಗೆ ಬೆಲ್ಟ್ ಹಾಕಿ ಮಲಗಿಸಿದ, ಮನಿಗೆ ಬಂದಾವ್ರಿಗೆಲ್ಲಾ "ನಂದು" ಅಂತ ತೋರಿಸಿದ. ಹನ್ನೊಂದನೇ ದಿನ ಗಾಡ್ಯಾಗ ಹಾಕಿದ್ರ ತಾನ ಹತ್ತಿ ಕುಂತ. ನಿಮಗ ಇನ್ನೂ ಟೈಮ್ ಐತಿ, ಇವತ್ತ ತರ್ರಿ. ಅಜ್ಜಿಯವರನ್ನ ಬಾಜೂಕ ಕುಂದ್ರಿಸ್ರಿ, ಕೈ ಹಿಡಕೊಂಡ ಕೂಡ್ರಲಿ, ಅವನಿಗೆ ಬೇಕಾಗಿದ್ದು ಅಜ್ಜಿ, ತೊಡಿ ಅಲ್ಲ. 7 ವರ್ಷದಾಕಿಗೂ ಬೆಲ್ಟು ಕುತ್ತಿಗಿಗೆ ಬರತಿದ್ರ ಎತ್ತರ ಮಾಡೂ ಬೂಸ್ಟರ್ ಸೀಟು ಬೇಕು, ಬೆಲ್ಟು ಭುಜದ ಮ್ಯಾಲೆ, ಕೆಳಗ ಸೊಂಟದ ಎಲುವಿನ ಮ್ಯಾಲೆ ಕುಂದ್ರಬೇಕು, ಹೊಟ್ಟಿ ಮ್ಯಾಲೆ ಅಲ್ಲ.

ಗದಗ ಮಾಸ್ತರ:

ತಂಗಿ, ಎಲ್ಲಾರೂ ಛಲೋ ಹೇಳ್ಯಾರ. ನಾನು ಮೂವತ್ತು ವರ್ಷ ಸಾಲಿ ಮಕ್ಕಳನ್ನ ಪ್ರವಾಸಕ್ಕ ಕರಕೊಂಡು ಹೋದಾಂವ, ನನ್ನ ಅನುಭವ ಒಂದ ಐತಿ: ಮಕ್ಕಳಿಗೆ ದೂರ ತ್ರಾಸ ಕೊಡೂದಿಲ್ಲ, ಸುಮ್ನ ಕುಂದ್ರೂದು ತ್ರಾಸ ಕೊಡತೈತಿ. ನಮಗ ಮೈಸೂರು ಪ್ರವಾಸ, ಅವಕ್ಕ ಮನಿ ಬಾಗಿಲ ದಾಟಿದ ಕೂಡಲೇ ಪ್ರವಾಸ. ಅದಕ್ಕ ಎರಡು ತಾಸಿಗೊಮ್ಮೆ ನಿಲ್ಲಸ್ರಿ, ಬರೇ ಒಂದಕ್ಕ ಮಾಡಿಸಿ ಮತ್ತ ಹತ್ತಿಸೂದಲ್ಲ, ಇಪ್ಪತ್ತು ನಿಮಿಷ ಓಡಾಡಾಕ ಬಿಡ್ರಿ. ಅತ್ತಿಯವರ ಮೊಣಕಾಲಿಗೂ ಅದು ಬೇಕು.

ಐದೂವರಿಗೆ ಹೊಂಟ್ರ ಆರೂವರಿ ಸುಮಾರಿಗೆ ಬಂಕಾಪುರ. ಹೈವೇ ಬಿಟ್ಟು ಸ್ವಲ್ಪ ಒಳಗ ಹೋದ್ರ ಕೋಟೆ, ಆ ಕೋಟೆ ಒಳಗ ನವಿಲುಧಾಮ. ಬಿಸಿಲೇರಿದ ಮ್ಯಾಲೆ ಹೋಗಿ ಉಪಯೋಗಿಲ್ಲ, ಮುಂಜಾನೆನೇ ಹೋಗಬೇಕು, ಗದ್ದಲ ಮಾಡದ ನಿಲ್ಲಬೇಕು. ಒಳಗ ನಗರೇಶ್ವರ ಗುಡಿ ಐತಿ, ಅರವತ್ತು ಕಂಬದ ಗುಡಿ ಅಂತಾರ, ಹುಡುಗಿಗೆ ಎಣಸಾಕ ಹೇಳ್ರಿ.

ಆಮ್ಯಾಲೆ ಹೊಳಿ ಆಟ ಆಡಸ್ರಿ, ನಾ ನನ್ನ ಮಕ್ಕಳಿಗೆ ಇದನ್ನ ಯಾವಾಗ್ಲೂ ಆಡಸತಿದ್ದೆ. ಬಂಕಾಪುರ ದಾಟಿ ಹಾವೇರಿ ಮುಟ್ಟೂದ್ರಾಗ ವರದಾ ಹೊಳಿ ಸೇತುವೆ ಬರತೈತಿ. ರಾಣೆಬೆನ್ನೂರ ಬಿಟ್ಟು ಹರಿಹರದ ಹತ್ರ ತುಂಗಭದ್ರಾ. ಮರದಿನ ಹಿರಿಯೂರಿನ್ಯಾಗ ವೇದಾವತಿ. ಮೂರನೂ ಯಾರು ಮೊದಲ ಕಂಡು ಕೂಗತಾರ ನೋಡ್ರಿ. ಮೂರನೂ ಕಂಡ ಮ್ಯಾಲೆ ಕತಿ ಹೇಳ್ರಿ, ವರದಾ ಗಳಗನಾಥದಾಗ ಹೋಗಿ ತುಂಗಭದ್ರಾನ ಕೂಡತಾಳ, ವೇದಾವತಿ ಮುಂದ ಹೋಗಿ ಹಗರಿ ಅನ್ನೂ ಹೆಸರು ಇಟಗೊಂಡು ಅದೇ ತುಂಗಭದ್ರಾನ ಕೂಡತಾಳ. ಮೂರು ಊರಾಗ ಕಂಡ ನೀರು ಕಡೀಕ ಒಂದೇ. ಈ ಮಾತು ಕೇಳಿದಾಗ ಮಕ್ಕಳ ಕಣ್ಣು ನೋಡಬೇಕು ತಂಗಿ.

ಕಿಡಕ್ಯಾಗ ನೋಡಾಕೂ ಭಾಳ ಐತಿ. ಹುಬ್ಬಳ್ಳಿ ಕಡೆ ಎರಿ ಹೊಲ, ಹತ್ತಿ, ಹಾವೇರಿ ಕಡೆ ಗೋವಿನಜೋಳ, ಮೆಣಸಿನಕಾಯಿ, ಹರಿಹರ-ದಾವಣಗೆರೆ ಕಡೆ ಭದ್ರಾ ಕಾಲುವೆ ನೀರಿನ ನೆಲ್ಲು, ಚಿತ್ರದುರ್ಗಕ್ಕ ಬಂದ್ರ ಬಂಡಿಗಲ್ಲು, ಗುಡ್ಡದ ಮ್ಯಾಲೆ ಗಾಳಿಯಂತ್ರ, ಹುಳಿಯಾರ ಕಡೆ ಬರೇ ತೆಂಗು. ಮಣ್ಣಿನ ಬಣ್ಣ ಕಪ್ಪಿನಿಂದ ಕೆಂಪಾಗೂದು ಎಲ್ಲಿ ಅಂತ ಹುಡುಗಿಗೆ ಕೇಳ್ರಿ, ದೂರ ನೋಡ್ಕೋತ ಹೋದ್ರ ಆ ಧಾರವಾಡ ತಂಗಿ ಹೇಳಿದಂಗ ಹೊಟ್ಟಿನೂ ತೊಳಸೂದಿಲ್ಲ.

ದಾವಣಗೆರ್ಯಾಗ ಬೆಣ್ಣಿ ದೋಸೆ ನೀವು ತಿನ್ರಿ, ಮಗಳಿಗೆ ಸ್ವಲ್ಪ ಕೊಡ್ರಿ. ದುರ್ಗದಾಗ ಮಧ್ಯಾಹ್ನ ರೂಮಿನ್ಯಾಗ ಎಲ್ಲಾರೂ ಮಲಗ್ರಿ, ನಾಕರ ಹೊತ್ತಿಗೆ ಕೋಟೆ ಹತ್ತಿ ಓಬವ್ವನ ಕಿಂಡಿ ತೋರಸ್ರಿ. ಮರದಿನ ಹೊತ್ತಿದ್ರ ಹಿರಿಯೂರಿಂದ 20 ಕಿಲೋಮೀಟರ್ ಬಾಜೂಕ ವಾಣಿವಿಲಾಸ ಸಾಗರ, ಮಾರಿಕಣಿವೆ ಅಂತಾರ, 1907ರಾಗ ಕಟ್ಟಿ ಮುಗಿಸಿದ್ದು. 1933ರಾಗ ತುಂಬಿ ಹರಿದದ್ದು, ಮತ್ತ ಕೋಡಿ ಬಿದ್ದದ್ದು 2022ರಾಗ, 89 ವರ್ಷದ ಮ್ಯಾಲೆ.

ಮೈಸೂರಾಗ ದಸರಾ ಗದ್ದಲ ಇರತೈತಿ, ಇಬ್ಬರ ಕಿಸೇದಾಗೂ ನಿಮ್ಮ ಫೋನ್ ನಂಬರ್ ಬರದ ಚೀಟಿ ಇಡ್ರಿ, ಮುಂಜಾನೆ ಹೊರಗ ಹೊಂಡೂ ಮೊದಲ ಇಬ್ಬರದೂ ಒಂದು ಫೋಟೋ ತಕ್ಕೋರಿ, ಅವತ್ತ ಹಾಕ್ಕೊಂಡ ಅರಬಿ ಬಣ್ಣ ಗಾಬರ್ಯಾಗ ನೆನಪಾಗೂದಿಲ್ಲ.

ಕೇಶ್ವಾಪುರದಾಕಿ:

ಎಲ್ಲಾರಿಗೂ ಕೈಮುಗಿದು ಹೇಳತೀನಿ, ಭಾಳ ಉಪಕಾರ ಆತು. ರಾಣೆಬೆನ್ನೂರ ಅಣ್ಣಾರು ಬರದದ್ದನ್ನ ಯಜಮಾನ್ರಿಗೆ ಓದಿ ಹೇಳಿದೆ. ಆ ತುಟಿ ಒಡದ ಕೂಸಿನ ಮಾತು ಬಂದಾಗ ಅವರು ಸುಮ್ನಾದ್ರು, ಆಮ್ಯಾಲೆ ಎದ್ದು ಹೋಗಿ ಮಗನ್ನ ನೋಡಿ ಬಂದ್ರು, ಅಂವ ಮಲಗಿದ್ದ. "ಮುಂಜಾನೆನ ಹೊಂಡೂಣು, ಎರಡು ದಿನ ಆದ್ರ ಆಗಲಿ" ಅಂದ್ರು. ಸೀಟು ನಾಳೆ ತರತಾರ. ದುರ್ಗದಾಗ ರೂಮ್ ಹೇಳಿದ್ವಿ. ಬಂದ ಮ್ಯಾಲೆ ಬರೀತೀನಿ.

ಕೇಶ್ವಾಪುರದಾಕಿ (ಮೂರು ವಾರದ ಮ್ಯಾಲೆ):

ಹೋಗಿ ಬಂದ್ವಿ! ಎಲ್ಲಾ ಹೇಳಾಕ ಕುಂತ್ರ ರಾತ್ರಿ ಆಗತೈತಿ, ಮುಖ್ಯ ಮುಖ್ಯ ಹೇಳತೀನಿ.

ಬಂಕಾಪುರದಾಗ ಮೊದಲ ಅರ್ಧ ತಾಸು ಒಂದ ನವಿಲೂ ಕಾಣಲಿಲ್ಲ, ಬರೇ ದನಿ ಕೇಳತಿತ್ತು, ಮಗ ನನ್ನ ಸೀರಿ ಹಿಡಕೊಂಡು "ಯಾರು ಕೂಗಾಕತ್ತಾರ" ಅಂತ ಅಂಜಿದ್ದ. ತಿರುಗಿ ಗಾಡಿಗೆ ಹೊಂಟಾಗ ಹಾಳು ಗ್ವಾಡಿ ಮ್ಯಾಲೆ ಒಂದು ಗಂಡು ನವಿಲು ಇಳೀತು, ಹತ್ತ ಮಾರು ದೂರ ಇದ್ದೀತು, ಬಾಲ ಗ್ವಾಡಿಯಿಂದ ಕೆಳಗ ಇಳೇ ಬಿದ್ದಿತ್ತು, ಕುತ್ತಿಗಿ ಹೊಳ್ಳಿಸಿದಾಗೊಮ್ಮೆ ನೀಲಿ ಹಸರಾಗತಿತ್ತು. ನಮ್ಮ ಅತ್ತಿ ಮೊಣಕಾಲ ಬ್ಯಾನಿ ಮರತು ಅಲ್ಲೇ ಕಲ್ಲಿನ ಮ್ಯಾಲೆ ಕುಂತು ಮಮ್ಮಗನ್ನ ಕರದು ತೋರಿಸಿದ್ರು. ನಾವು ರಾತ್ರಿ ಹೊಂಟಿದ್ರ ಆ ಊರು ದಾಟಿದ್ದೂ ನಮಗ ಗೊತ್ತಾಗತಿರಲಿಲ್ಲ.

ಮಗಳು ಹೋಗೂ ಮುಂದ ಒಂದ ಸಲ ಕಾರಿಕೊಂಡ್ಲು, ಚಿಕ್ಕನಾಯಕನಹಳ್ಳಿ ಆಚೆ, ಅವತ್ತ ಲಾಜಿನ ನಾಷ್ಟಾ ಎಣ್ಣಿದು ಆಗಿತ್ತು. ಸಪ್ತಾಪುರದ ತಂಗಿ ಹೇಳಿದ ಪಿಶವಿ ಕಾಲ ಹತ್ರನ ಇತ್ತು, ಅರಬಿ ಬದಲಿಸಿದ್ವಿ, ತೆಂಗಿನ ತ್ವಾಟದ ಬಾಜೂಕ ಹತ್ತ ನಿಮಿಷ ನೆರಳಾಗ ನಿಂತ್ವಿ, ಆಕಿನ "ಅವ್ವಾ, ನನ್ನ ಕಿವಿ ಮತ್ತ ಕಣ್ಣು ಜಗಳ ಆಡಿದ್ವು" ಅಂದ್ಲು. ಅಳಲಿಲ್ಲ. ವಾಪಸ್ ಬರೂ ಮುಂದ ಒಮ್ಮೆಯೂ ಆಗಲಿಲ್ಲ.

ಮಗ ಸೀಟಿನ್ಯಾಗ ಕುಂತ, ಅಜ್ಜಿ ಕೈ ಹಿಡಕೊಂಡನ ಕುಂತ. ಮೈಸೂರಿನ ಪ್ಯಾಲೇಸ್ ದೀಪ ನೋಡೂ ಹೊತ್ತಿಗೆ ಅಂವಗ ನಿದ್ದಿ ಬಂದಿತ್ತು, ಅದು ನೋಡಲೇ ಇಲ್ಲ, ಮನಿಗೆ ಬಂದ ಮ್ಯಾಲೂ ನವಿಲಿನ ಮಾತೇ ಆಡತಾನ.

ಗದಗ ಮಾಸ್ತರ ಸರ್, ತುಂಗಭದ್ರಾ ಸೇತುವೆ ಮ್ಯಾಲೆ ವಾಪಸ್ ಬರಬೇಕಾದ್ರ ಮಗಳು "ವೇದಾವತಿ ಇಲ್ಲಿಗೆ ಬಂದಾಳೋ ಇಲ್ಲೋ" ಅಂತ ಕೇಳಿದ್ಲು. "ಇಲ್ಲವ್ವಾ, ಆಕಿ ಇಲ್ಲಿಂದ ಭಾಳ ಮುಂದ ಹೋಗಿ ಕೂಡತಾಳ" ಅಂದೆ. ಹಂಗಾರ ಅಲ್ಲಿಗೂ ಹೋಗೂಣು ಅಂತಾಳ. ಡಿಸೆಂಬರಿನ್ಯಾಗ ಎರಡು ದಿನ ಸೂಟಿ ಸಿಗತೈತಿ, ಗದಗ ಕಡೆ ಹುಡುಗ್ರಿಗೆ ನೋಡಾಕ ಏನ ಐತಿ ಹೇಳ್ರಿ.

ಗದಗ ಮಾಸ್ತರ:

ಭಾಳ ಸಂತೋಷ ಆತು ತಂಗಿ. ಡಿಸೆಂಬರಿಗೆ ಮಾಗಡಿ ಕೆರಿಗೆ ಬರ್ರಿ, ಶಿರಹಟ್ಟಿ ತಾಲೂಕು, ಗದಗಿಂದ ಲಕ್ಷ್ಮೇಶ್ವರ ರಸ್ತೆದಾಗ ಒಂದು 26 ಕಿಲೋಮೀಟರ್. ಆ ಹೊತ್ತಿಗೆ ಪಟ್ಟೆತಲೆ ಹೆಬ್ಬಾತು ಬಂದಿರತಾವ, ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ, ಆ ವರ್ಷ ಹುಟ್ಟಿದ ಮರಿ ಜೋಡಿ ಬರತಾವ. ಬೆಳ್ಳನ ತಲಿ ಮ್ಯಾಲೆ ಎರಡು ಕರೇ ಪಟ್ಟಿ ಇರತಾವ, ಆ ವರ್ಷದ ಮರಿಗೆ ಆ ಪಟ್ಟಿ ಇನ್ನೂ ಮೂಡಿರೂದಿಲ್ಲ, ಮಗಳಿಗೆ ಹುಡುಕಾಕ ಹೇಳ್ರಿ. ವಾಪಸ್ ಹೋಗೂ ಮುಂದ ಲಕ್ಕುಂಡಿ ನೋಡಕೊಂಡ ಹೋಗ್ರಿ, ಗದಗಿಂದ 12 ಕಿಲೋಮೀಟರ್. ನನ್ನ ಹತ್ರ ಒಂದು ಹಳೇ ದುರ್ಬೀನು ಐತಿ, ಬರೂ ಎರಡು ದಿನ ಮೊದಲ ಇಲ್ಲೇ ಬರೀರಿ, ತಂದು ಕೊಡತೀನಿ.